ಕುಸ್ವಾರ್: ತಿಂದವರ ನೆನಪು, ಕರಿದವರ ನೆನಪು

ಡಿಸೆಂಬರ್ ಬಂದರೆ ಸಾಕು, ಮಂಗಳೂರು ಕಡೆಯ ಕ್ರೈಸ್ತ ಮನೆಗಳಲ್ಲಿ ಬೆಳೆದ ನಮ್ಮಂಥವರಿಗೆ ಒಂದು ವಾರ್ಷಿಕ ವಿಷಾದ ಅಂಟಿಕೊಳ್ಳುತ್ತದೆ. 'ಆಗಿನ ಕ್ರಿಸ್ಮಸ್ ಈಗೆಲ್ಲಿ? ಮನೆಯಲ್ಲಿ ಕುಸ್ವಾರ್ ಮಾಡುವವರೇ ಇಲ್ಲ, ಎಲ್ಲ ಅಂಗಡಿಯ ಪ್ಯಾಕೆಟ್' ಎಂದು ಕೊರಗುತ್ತೇವೆ. ಕುಸ್ವಾರ್ ಎಂದರೆ ಹಬ್ಬಕ್ಕೆಂದು ಮಾಡಿ ನೆರೆಮನೆಗಳಿಗೂ ಹಂಚುವ ತಿಂಡಿಗಳ ಒಟ್ಟು ಹೆಸರು. ಕಳೆದ ವರ್ಷ ಹಾಸ್ಟೆಲಿನಲ್ಲಿ ಥೀಸಿಸ್ಸಿನ ಅಧ್ಯಾಯ ಬದಿಗಿಟ್ಟು ನಾನೂ ಇಂಥದ್ದೊಂದು ಬರೆದೆ. ಫೋನಿನಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅವಳು ಅಂದದ್ದು ಇಷ್ಟೇ: "ಚಂದ ಉಂಟು. ಆದರೆ ಎಣ್ಣೆಯ ಎದುರು ಕೂತದ್ದು ನೀನಲ್ಲವಲ್ಲ ಮಾರಾಯ."

ಆ ಬರಹವನ್ನು ಇಂದು ಹಿಂದಕ್ಕೆ ಪಡೆಯುತ್ತಿದ್ದೇನೆ.

ನಾನೂ ಅಣ್ಣನೂ ಗೆರಟೆಯಲ್ಲಿ ಭತ್ತ ಮೊಳಕೆ ಬರಿಸಿ, ಗೋದಲಿಗೆ ಬೈಹುಲ್ಲಿನ ಮಾಡು ಕಟ್ಟಿ, ಅಂಗಳದಲ್ಲಿ ನಕ್ಷತ್ರ ತೂಗಿಬಿಟ್ಟರೆ ನಮ್ಮ ಹಬ್ಬದ ಕೆಲಸ ಮುಗಿಯಿತು. ಒಳಗೆ ಅಕ್ಕ ಬಾಚಣಿಗೆಗೆ ಹಿಟ್ಟಿನ ಸಣ್ಣ ಉಂಡೆ ಒತ್ತಿ, ಸುರುಳಿ ಸುತ್ತಿ ಕಿಡಿಯೊ ಮಾಡುತ್ತಿದ್ದಳು, ಒಂದೆರಡಲ್ಲ, ನೂರಾರು. ರೋಸ್ ಕುಕೀಸಿನ ಕಾದ ಅಚ್ಚು ಹಿಟ್ಟಿನಲ್ಲಿ ಪೂರ್ತಿ ಮುಳುಗಿದರೆ ತಿಂಡಿ ಅಚ್ಚು ಬಿಡುವುದಿಲ್ಲ. ಅಮ್ಮ ಕಣ್ಣು ತೆಗೆಯುವಂತಿರಲಿಲ್ಲ. ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿ, ಅಂಚು ಸರಿಯಾಗಿ ಕೂಡದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಹಗಲು ಮನೆಕೆಲಸ, ರಾತ್ರಿ ಇದು. 24ರ ರಾತ್ರಿಯ ಬಲಿಪೂಜೆಯಲ್ಲಿ ಅಮ್ಮ ತೂಕಡಿಸುವುದನ್ನು ನೋಡಿ ನಾವು ನಗುತ್ತಿದ್ದೆವು. ಆ ನಗುವನ್ನೂ ನಾನು 'ಮಧುರ ನೆನಪು' ಎಂದೇ ಬರೆದಿದ್ದೆ.

ನೆರೆಮನೆಗಳಿಗೆ ತಟ್ಟೆ ಹೊತ್ತವರು ನಾವು. 'ಎಷ್ಟು ರುಚಿ!' ಎಂಬ ಹೊಗಳಿಕೆ ಕೇಳಿದವರೂ ನಾವೇ. ಈಗ ಹಳಹಳಿಸುತ್ತಿರುವವರೂ ನಾವೇ.

ಪ್ಯಾಕೆಟಿನ ಕಿಡಿಯೊಗೆ ಮನೆಯ ರುಚಿಯಿಲ್ಲ, ಒಪ್ಪುತ್ತೇನೆ. ಆದರೆ ಅದನ್ನೂ ಎಲ್ಲೋ ಒಬ್ಬ ಹೆಂಗಸು ಸುತ್ತಿರಬಹುದು; ಅವಳ ಕೆಲಸಕ್ಕೆ ಕೂಲಿಯಾದರೂ ಉಂಟು. ಅಮ್ಮನದಕ್ಕೆ 'ಪ್ರೀತಿ' ಎಂದು ಹೆಸರಿಟ್ಟು ನಾವು ಲೆಕ್ಕ ಚುಕ್ತಾ ಮಾಡಿದೆವು. ಅವಳಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ, ಸೊಂಟನೋವೂ ಇತ್ತು. ನಮ್ಮ ಬರಹಗಳಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗ. ಅಮ್ಮ ಪ್ಯಾಕೆಟ್ ತರಲು ಶುರುಮಾಡಿದ್ದನ್ನು ನಾವು ಸಂಪ್ರದಾಯದ ಸಾವು ಎಂದೆವು. ಅವಳಿಗದು ಬಿಡುವು.

ಸಂಪ್ರದಾಯ ಉಳಿಯಬೇಕೆ? ಉಳಿಯಲಿ. ಅದನ್ನು ಉಳಿಸುವ ಕೆಲಸ ಅಮ್ಮಂದಿರದ್ದು, ನೆನೆದು ಬರೆಯುವ ಸುಖ ಮಕ್ಕಳದ್ದು ಎಂಬ ಏರ್ಪಾಡು ಮಾತ್ರ ಬೇಡ. ಬರುವ ಡಿಸೆಂಬರಿನಲ್ಲಿ ಬಾಲ್ಯದ ಕ್ರಿಸ್ಮಸ್ ಬಗ್ಗೆ ಬರೆಯಹೊರಟ ಗಂಡುಮಕ್ಕಳಲ್ಲಿ, ನನ್ನನ್ನೂ ಸೇರಿಸಿ, ಒಂದೇ ವಿನಂತಿ: ಮೊದಲು ನೂರು ಕಿಡಿಯೊ ಸುತ್ತಿ. ಆಮೇಲೆ ಬರೆಯಿರಿ.