ಚಳಿಗಾಲದಲ್ಲಿ ಕಾಣದ ಇಲಿ

ಅಮೆರಿಕದ ಅರಿಜೋನಾದಲ್ಲಿ ಪೋರ್ಟಲ್ ಎಂಬ ಸಣ್ಣ ಊರಿದೆ. ಅದರ ಹತ್ತಿರದ ಮರುಭೂಮಿಯಲ್ಲಿ ಜೇಮ್ಸ್ ಬ್ರೌನ್ ಮತ್ತು ಸಂಗಡಿಗರು 1977ರಲ್ಲಿ 24 ತುಂಡು ನೆಲಕ್ಕೆ ಬೇಲಿ ಹಾಕಿ ಇಲಿ ಎಣಿಸತೊಡಗಿದರು. ತುಂಡಿಗೆ 49 ಬೋನು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಎಣಿಕೆ. ಬೆಳದಿಂಗಳಲ್ಲಿ ಇಲಿಗಳು ಹೊರಬರಲು ಹೆದರುತ್ತವೆ.

ಅಲ್ಲಿ ವರ್ಷಕ್ಕೆರಡು ಮಳೆ, ಚಳಿಗಾಲದ್ದೊಂದು, ಬೇಸಿಗೆಯದೊಂದು. ಮಳೆಯಾದರೆ ಹುಲ್ಲು, ಬೀಜ, ಬೀಜವಿದ್ದರೆ ಮರಿ. ಆದರೆ ಲೆಕ್ಕ ಅಷ್ಟು ಸರಳವಲ್ಲ. 1983ರ ಅಕ್ಟೋಬರ್‌ನ ಅತಿವೃಷ್ಟಿಯ ನಂತರ ಒಂದು ಜಾತಿಯ ಕಾಂಗರೂ ಇಲಿ ತೀರಾ ಕಡಿಮೆಯಾಯಿತು. ಕೆನ್ನೆಯಲ್ಲಿ ಬೀಜ ತುಂಬಿಕೊಳ್ಳುವ ಇನ್ನೊಂದು ಸಣ್ಣ ಇಲಿ ಬೇಸಿಗೆಯಲ್ಲಿ ಬೋನಿಗೆ ಬೀಳುತ್ತದೆ, ಚಳಿಗಾಲದಲ್ಲಿ ಕಾಣುವುದೇ ಅಪರೂಪ. ಸತ್ತಿರುವುದಿಲ್ಲ, ಬಿಲದಲ್ಲಿ ಮೈ ತಣ್ಣಗಾಗಿಸಿಕೊಂಡು ಮಲಗಿರುತ್ತದೆ. ಜನವರಿಯಲ್ಲಿ ಒಮ್ಮೆ ಮಾತ್ರ ಎಣಿಸಿದವರು "ಈ ಜಾತಿ ಇಲ್ಲಿಲ್ಲ" ಎಂದೇ ಬರೆದಾರು.

ಇದನ್ನು ಓದಿದಾಗ ನಮಗೆ ನಮ್ಮ ಜತ್ತ ಭಾಗದ ಕನ್ನಡ ಶಾಲೆ ನೆನಪಾಯಿತು. ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಟ ತಂದೆತಾಯಿಯರ ಸಂಗಡ ಮಕ್ಕಳೂ ಹೋಗುತ್ತಾರೆ. ಹಂಗಾಮು ಮುಗಿದ ಮೇಲೆ ಮರಳುತ್ತಾರೆ. ನಡುವೆ ಒಂದು ದಿನ ಬಂದ ಸಾಹೇಬರು ಖಾಲಿ ಜಾಗ ನೋಡಿ "ಕನ್ನಡಕ್ಕೆ ಮಕ್ಕಳೇ ಇಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ.

ನಾವು ಮಕ್ಕಳನ್ನು ಇಲಿಗೆ ಹೋಲಿಸುತ್ತಿಲ್ಲ. ಇಲಿಗೆ ಸಿಕ್ಕ ಎಣಿಕೆಯ ನ್ಯಾಯ ಮಕ್ಕಳಿಗೂ ಸಿಗಲಿ ಎನ್ನುತ್ತೇವೆ. ಶಿಕ್ಷಕ ಬಂಧುಗಳೇ, ತಿಂಗಳು ತಿಂಗಳಿನ ಹಾಜರಿಯನ್ನು, ಹೋದ ಮಗು ಎಲ್ಲಿಗೆ ಹೋಯಿತೆಂಬುದನ್ನು ಬರೆದಿಡೋಣ. ಶಾಲೆಯ ಅಳಿವು ಉಳಿವಿನ ಮಾತು ಬಂದಾಗ ಹನ್ನೆರಡು ತಿಂಗಳ ಲೆಕ್ಕವನ್ನೇ ಮುಂದಿಡೋಣ.