ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ

ನಮ್ಮ ಭಾಷೆಯಲ್ಲಿ ಬೆನ್ನೆಲುಬಿಗೆ ದೊರೆತಿರುವ ಮರ್ಯಾದೆ ಮತ್ತಾವ ಎಲುಬಿಗೂ ದೊರೆತಿಲ್ಲ. ರೈತನನ್ನು ನಾಡಿನ ಬೆನ್ನೆಲುಬು ಎನ್ನುತ್ತೇವೆ. ಧೈರ್ಯಗೆಟ್ಟವನನ್ನು ಬೆನ್ನೆಲುಬಿಲ್ಲದವನೆಂದು ಹಳಿಯುತ್ತೇವೆ. ಆದರೆ ನಿಜವಾಗಿಯೂ ಬೆನ್ನು ಮುರಿದುಕೊಂಡು ಮಲಗಿದ ಮನುಷ್ಯನ ವಿಷಯ ಬಂದಾಗ ಈ ಮಾತುಗಳೆಲ್ಲ ಅಡಗಿ, ‘ಇನ್ನು ಅವನ ಕಥೆ ಮುಗಿಯಿತು’ ಎಂಬ ಒಂದೇ ಮಾತು ಉಳಿಯುತ್ತದೆ. ಅಡಕೆಯ ಮರದಿಂದ ಬಿದ್ದವರು, ತೆಂಗಿನ ಮರದಿಂದ ಜಾರಿದವರು, ರಸ್ತೆಯ ಅಪಘಾತಕ್ಕೆ ಸಿಕ್ಕಿದವರು ನಮ್ಮ ಊರುಗಳಲ್ಲಿ ವಿರಳವೇನೂ ಅಲ್ಲ. ಅವರ ವಿಷಯದಲ್ಲಿ ನಾವು ಕೊಡುವ ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ಈ ವಾರ ಕೊಂಚ ವಿಚಾರಿಸೋಣ.

ಮೊದಲಿಗೆ ಒಂದು ಭೇದವನ್ನು ತಿಳಿಯಬೇಕು. ಬೆನ್ನೆಲುಬು ಬೇರೆ, ಬೆನ್ನುಹುರಿ ಬೇರೆ. ಬೆನ್ನೆಲುಬೆಂಬುದು ಮಣಿಗಳನ್ನು ಒಂದರ ಮೇಲೊಂದು ಜೋಡಿಸಿದಂತಿರುವ ಎಲುಬುಗಳ ಸಾಲು. ಆ ಮಣಿಗಳ ನಡುವಣ ಕೊಳವೆಯಲ್ಲಿ ಮೆದುಳಿನಿಂದ ಇಳಿದುಬರುವ, ಸುಮಾರು ಕಿರುಬೆರಳಿನಷ್ಟು ದಪ್ಪದ ನರಗಳ ಹಗ್ಗವೇ ಬೆನ್ನುಹುರಿ. ಪಠ್ಯಪುಸ್ತಕಗಳು ಇದನ್ನೇ ಮೆದುಳುಬಳ್ಳಿ ಎಂದು ಕರೆಯುತ್ತವೆ. ಮೆದುಳಿನ ಆಜ್ಞೆ ಕೈಕಾಲುಗಳಿಗೆ ಹೋಗುವುದೂ, ಕಾಲಿಗೆ ಚುಚ್ಚಿದ ಮುಳ್ಳಿನ ಸುದ್ದಿ ಮೆದುಳಿಗೆ ಬರುವುದೂ ಈ ದಾರಿಯಿಂದಲೇ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ಕಡಿದ ಹುರಿ ಹಾಗೆ ಕೂಡಿಕೊಳ್ಳುವುದಿಲ್ಲ. ಪೆಟ್ಟು ಸೊಂಟದ ಮೇಲ್ಭಾಗಕ್ಕೆ ಬಿದ್ದರೆ ಕಾಲುಗಳ ಸ್ವಾಧೀನ ತಪ್ಪುತ್ತದೆ. ಕುತ್ತಿಗೆಗೆ ಬಿದ್ದರೆ ಕೈಗಳದೂ ತಪ್ಪುತ್ತದೆ. ಮಲಮೂತ್ರಗಳ ಹಿಡಿತವಂತೂ ಸಾಮಾನ್ಯವಾಗಿ ಎರಡರಲ್ಲೂ ಹೋಗುತ್ತದೆ.

ಈ ದುರವಸ್ಥೆಯ ಅರಿವು ಮನುಷ್ಯನಿಗೆ ಬಹು ಹಿಂದಿನಿಂದಲೂ ಇತ್ತು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಬರೆದ ವೈದ್ಯಗ್ರಂಥವೊಂದು ದೊರೆತಿದೆ. 1862ರಲ್ಲಿ ಅದನ್ನು ಕೊಂಡ ಎಡ್ವಿನ್ ಸ್ಮಿತ್ ಎಂಬವನ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಗಾಯಗಳಿಗೆ ಸಂಬಂಧಿಸಿದ 48 ಪ್ರಕರಣಗಳು ಅದರಲ್ಲಿವೆ. ಕುತ್ತಿಗೆಯ ಮಣಿ ಜಾರಿ, ಕೈಕಾಲುಗಳ ಅರಿವು ತಪ್ಪಿ, ಮೂತ್ರ ತಾನಾಗಿ ತೊಟ್ಟಿಕ್ಕುವ ರೋಗಿಯೊಬ್ಬನನ್ನು ಅದನ್ನು ಬರೆದ ವೈದ್ಯ ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ವರ್ಣಿಸಿ, ಇದು ಚಿಕಿತ್ಸೆಗೆ ಒಳಪಡುವ ವ್ಯಾಧಿಯಲ್ಲವೆಂದು ಕೈಬಿಟ್ಟಿದ್ದಾನೆ. ಆ ತೀರ್ಪು ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಹೆಚ್ಚುಕಡಮೆ ಹಾಗೆಯೇ ನಿಂತಿತು.

1917ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸೈಲೀಷಿಯಾ ಪ್ರಾಂತದ ಗಣಿಪಟ್ಟಣವೊಂದರ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ತರುಣ ಸೇವಕನಾಗಿ ಕೆಲಸಮಾಡುತ್ತಿದ್ದ. ಗಣಿಯಲ್ಲಿ ಬೆನ್ನು ಮುರಿದುಕೊಂಡ ಗಟ್ಟಿಮುಟ್ಟಾದ ಕೆಲಸಗಾರನೊಬ್ಬನನ್ನು ಅಲ್ಲಿಗೆ ತಂದರು. ಉಳಿದ ರೋಗಿಗಳಿಗೆ ಕಾಣದಂತೆ ಅವನ ಮಂಚಕ್ಕೆ ಮರೆ ಕಟ್ಟಿದರು. ತರುಣ ಅವನ ವಿವರಗಳನ್ನು ಬರೆದುಕೊಳ್ಳಲು ಹೊರಟಾಗ, ಆ ಶ್ರಮ ಬೇಡ, ಕೆಲವೇ ವಾರಗಳಲ್ಲಿ ಅವನು ಸಾಯುತ್ತಾನೆ ಎಂಬ ಉತ್ತರ ಬಂದಿತು. ಹಾಗೆಯೇ ಆಯಿತು, ಐದು ವಾರಗಳಲ್ಲಿ ರೋಗಿ ತೀರಿಕೊಂಡ. ಆದರೆ ಅವನನ್ನು ಕೊಂದದ್ದು ಮುರಿದ ಬೆನ್ನಲ್ಲ, ಮೈಗೆಲ್ಲ ಏರಿದ ನಂಜು.

ಮುಂದೆ ಗುಟ್‌ಮನ್ ಅವರು ಹೆಸರಾಂತ ನರವೈದ್ಯರಾದರು. ಯೆಹೂದಿಗಳಾದ್ದರಿಂದ ಹಿಟ್ಲರನ ಆಳ್ವಿಕೆಯಲ್ಲಿ ನಿಲ್ಲಲಾರದೆ 1939ರಲ್ಲಿ ಇಂಗ್ಲೆಂಡಿಗೆ ಬಂದರು. ಯುದ್ಧದಲ್ಲಿ ಬೆನ್ನಿಗೆ ಗಾಯವಾದ ಸೈನಿಕರಿಗಾಗಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ 1944ರ ಫೆಬ್ರವರಿ 1ರಂದು ಒಂದು ವಿಭಾಗ ಅವರ ಕೈಕೆಳಗೆ ಆರಂಭವಾಯಿತು. ಅಲ್ಲಿ ಅವರು ಮಾಡಿದ್ದು ಯಾವ ಪವಾಡವೂ ಅಲ್ಲ. ಮೈಯ ಅರಿವು ತಪ್ಪಿದವನು ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ, ಎಲುಬು ಒತ್ತಿದ ಕಡೆ ರಕ್ತ ಹರಿಯದೆ ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ, ಹುಣ್ಣು ಎಲುಬಿನವರೆಗೂ ಇಳಿಯುತ್ತದೆ. ಆದ್ದರಿಂದ ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕೆಂದು ಅವರು ವಿಧಿಸಿದರು. ಮೂತ್ರಕೋಶ ಕೆಡದಂತೆ, ಶುದ್ಧಿಮಾಡಿದ ನಳಿಕೆಯಿಂದ ಮೂತ್ರ ತೆಗೆಯುವ ಕ್ರಮವನ್ನು ಬಿಗಿಯಾಗಿ ಆಚರಣೆಗೆ ತಂದರು. ವಿಧಿ ನಡೆಯುತ್ತಿದೆಯೇ ಎಂದು ಅಪರಾತ್ರಿಯಲ್ಲಿ ಬಂದು ನೋಡುತ್ತಿದ್ದರು. ಜೀವ ಉಳಿದ ಮೇಲೆ ಸುಮ್ಮನೆ ಮಲಗಲು ಬಿಡದೆ ಕುಶಲ ಕೆಲಸ ಕಲಿಸಿದರು, ಆಟ ಆಡಿಸಿದರು. ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, 1948ರ ಜುಲೈ 29ರಂದು, ಅವರ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಬಿಲ್ಲುವಿದ್ಯೆಯ ಪಂದ್ಯ ನಡೆಸಿದರು. ಇಂದಿನ ಪ್ಯಾರಾಲಿಂಪಿಕ್ಸಿನ ಬೀಜ ಅದೇ.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಗುಟ್‌ಮನ್ ಅವರು ಯಾರ ಹುರಿಯನ್ನೂ ಕೂಡಿಸಲಿಲ್ಲ. ಆದರೂ ವಾರಗಳಲ್ಲಿ ಸಾಯುತ್ತಿದ್ದವರು ವರ್ಷಗಟ್ಟಲೆ ಬದುಕಿದರು. ದಾದಿಯ ಎಚ್ಚರವೂ ಕ್ರಮಬದ್ಧವಾದ ಶುಚಿಯೂ ಸೇರಿ, ಅಸಾಧ್ಯವೆಂದು ಪ್ರಾಚೀನರು ಕೈಬಿಟ್ಟದ್ದನ್ನು ಸಾಧ್ಯಮಾಡಿದವು.

ಹಾಗಾದರೆ ಔಷಧಕ್ಕೂ ಶಸ್ತ್ರಕ್ಕೂ ಸ್ಥಾನವಿಲ್ಲವೇ ಎಂದು ಕೇಳಬಹುದು. ಇದೆ, ಆದರೆ ಅದರ ಫಲವನ್ನು ತೂಗಿ ನೋಡುವುದು ಸುಲಭವಲ್ಲ. ಪೆಟ್ಟು ಬಿದ್ದ ಕೆಲವರಲ್ಲಿ ಸ್ವಲ್ಪ ಶಕ್ತಿ ತಾನಾಗಿಯೇ ಮರಳುತ್ತದೆ. ಅದು ಮದ್ದಿನಿಂದ ಬಂದದ್ದೋ ಪ್ರಕೃತಿಯಿಂದ ಬಂದದ್ದೋ ಎಂದು ಒಬ್ಬ ರೋಗಿಯನ್ನು ನೋಡಿ ಹೇಳಲಾಗುವುದಿಲ್ಲ. ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಔಷಧದ ಕಥೆ ಇದಕ್ಕೆ ನಿದರ್ಶನ. ಅಮೆರಿಕದಲ್ಲಿ 487 ರೋಗಿಗಳ ಮೇಲೆ ನಡೆಸಿ 1990ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು, ಪೆಟ್ಟಾದ 8 ಗಂಟೆಯೊಳಗೆ ಇದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕೊಂಚ ಗುಣ ಕಾಣುವುದೆಂದು ಸಾರಿತು. ವೈದ್ಯಲೋಕ ಅದನ್ನು ಬಾಚಿ ತಬ್ಬಿಕೊಂಡಿತು. ಕ್ರಮೇಣ ಸಂದೇಹಗಳು ಎದ್ದವು: ಒಟ್ಟು ರೋಗಿಗಳನ್ನು ಲೆಕ್ಕಕ್ಕೆ ಹಿಡಿದರೆ ವ್ಯತ್ಯಾಸವೇ ಇರಲಿಲ್ಲ, ಒಂದು ಗುಂಪನ್ನು ಬೇರೆಯಾಗಿ ಎಣಿಸಿದಾಗ ಮಾತ್ರ ಅದು ಕಂಡಿತ್ತು, ಮೇಲಾಗಿ ಸೋಂಕು, ಜಠರದ ರಕ್ತಸ್ರಾವಗಳ ಅಪಾಯವೂ ಇತ್ತು. 2013ರಲ್ಲಿ ಅಮೆರಿಕದ ನರಶಸ್ತ್ರವೈದ್ಯರ ಸಂಘಗಳು ಇದನ್ನು ಕೊಡಬಾರದೆಂದೇ ಸಲಹೆಯಿತ್ತವು. ಕೊಡಬಹುದೆನ್ನುವ ವೈದ್ಯರೂ ಇದ್ದಾರೆ; ವಾದ ಮುಗಿದಿಲ್ಲ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ದಾರಿ ಇದಕ್ಕಿಂತ ತಿಳಿಯಾಗಿದೆ. ಶಸ್ತ್ರವೈದ್ಯರು ಹುರಿಯನ್ನು ಹೊಲಿಯುತ್ತಾರೆಂದು ಅನೇಕರು ಭಾವಿಸಿರುವುದುಂಟು. ಅವರು ಮಾಡುವುದು ಜಾರಿದ ಮಣಿಗಳನ್ನು ಸ್ಥಾನಕ್ಕೆ ತಂದು ಬಿಗಿಯುವುದು, ಹುರಿಯನ್ನು ಅಮುಕುತ್ತಿರುವ ಎಲುಬಿನ ಚೂರನ್ನು ತೆಗೆಯುವುದು. ಅಮುಕಿದ ಹುರಿ ಊದಿಕೊಂಡು, ರಕ್ತ ಸಾಲದೆ, ಗಂಟೆಗಂಟೆಗೂ ಇನ್ನಷ್ಟು ಕೆಡುತ್ತದೆ. ಆದ್ದರಿಂದ ಇಲ್ಲಿ ಕಾಲವೇ ಮುಖ್ಯ. ಕುತ್ತಿಗೆಯ ಹುರಿಗೆ ಪೆಟ್ಟುಬಿದ್ದ 313 ಮಂದಿಯನ್ನು ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ರೋಗಿಗಳ ಶಕ್ತಿಯನ್ನು ವೈದ್ಯರು ಐದು ದರ್ಜೆಗಳಲ್ಲಿ ಅಳೆಯುತ್ತಾರೆ. ಆರು ತಿಂಗಳ ತರುವಾಯ ನೋಡಿದಾಗ, 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು 20 ಮಂದಿ ಎರಡು ದರ್ಜೆಯಾದರೂ ಮೇಲೇರಿದ್ದರು. ತಡವಾಗಿ ಆದವರಲ್ಲಿ ಸುಮಾರು 9 ಮಂದಿ ಮಾತ್ರ. 1500ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ 2021ರಲ್ಲಿ ಮಾಡಿದ ಪರಿಶೀಲನೆಯೂ ಇದನ್ನೇ ಪುಷ್ಟೀಕರಿಸಿತು. ಲಾಭ ನಿಜ, ಆದರೆ ಬೇಗ ಶಸ್ತ್ರಚಿಕಿತ್ಸೆಯಾದವರಲ್ಲೂ ನೂರರಲ್ಲಿ ಎಂಬತ್ತು ಮಂದಿ ಆ ಎರಡು ದರ್ಜೆ ಏರಲಿಲ್ಲವೆಂಬುದನ್ನೂ ಮರೆಯಬಾರದು.

ಇದಕ್ಕಿಂತಲೂ ಆಳವಾದ ಪ್ರಶ್ನೆ ಇನ್ನೊಂದಿದೆ. ಫಲ ಎಂದರೆ ಯಾರ ಅಳತೆಯಲ್ಲಿ? ನೋಡಲು ಬಂದವರೆಲ್ಲರೂ ಕೇಳುವುದು, ‘ಮತ್ತೆ ನಡೆಯುತ್ತಾನೆಯೇ?’ ಎಂದು. ಸ್ವತಃ ಬೆನ್ನುಹುರಿಯ ಪೆಟ್ಟಿಗೊಳಗಾದ ಅಮೆರಿಕದ ವಿಜ್ಞಾನಿ ಕಿಮ್ ಆಂಡರ್ಸನ್ ಅವರು, ತಮ್ಮಂತಹ 681 ಮಂದಿಯನ್ನು, ಯಾವ ಶಕ್ತಿ ಮರಳಿದರೆ ನಿಮ್ಮ ಬದುಕು ಹೆಚ್ಚು ಸುಧಾರಿಸೀತು ಎಂದು ಕೇಳಿ, ಉತ್ತರಗಳನ್ನು 2004ರಲ್ಲಿ ಪ್ರಕಟಿಸಿದರು. ಕೈಕಾಲು ನಾಲ್ಕೂ ಸೋತವರು ಮೊದಲು ಬೇಡಿದ್ದು ಕೈಗಳನ್ನು. ಕಾಲು ಮಾತ್ರ ಸೋತವರು ಮೊದಲು ಬೇಡಿದ್ದು ದಾಂಪತ್ಯ ಸುಖವನ್ನು. ಮಲಮೂತ್ರಗಳ ಹಿಡಿತಕ್ಕೂ ಇಬ್ಬರ ಪಟ್ಟಿಯಲ್ಲಿ ಮೇಲಿನ ಸ್ಥಾನವಿತ್ತು. ನಡಿಗೆ ಎರಡು ಗುಂಪಿನಲ್ಲಿಯೂ ಮೊದಲನೆಯದಾಗಲಿಲ್ಲ. ತಾನೇ ತುತ್ತು ಎತ್ತಿಕೊಳ್ಳುವುದು, ನಾಲ್ಕು ಜನರ ನಡುವೆ ನಾಚಿಕೆಯಿಲ್ಲದೆ ಕುಳಿತಿರುವುದು, ಗಂಡನಾಗಿ ಹೆಂಡತಿಯಾಗಿ ಬಾಳುವುದು—ಇವುಗಳ ಬೆಲೆ ಕಳೆದುಕೊಂಡವರಿಗೆ ಗೊತ್ತು.

ನಮ್ಮ ನೆರೆಯ ವೆಲ್ಲೂರಿನಲ್ಲಿಯೇ ಇದಕ್ಕೆ ಉಜ್ವಲವಾದ ಉದಾಹರಣೆಯಿದೆ. ಡಾಕ್ಟರ್ ಮೇರಿ ವರ್ಗೀಸ್ ಅವರು ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ತರುಣ ವೈದ್ಯೆಯಾಗಿದ್ದಾಗ, 1954ರಲ್ಲಿ ಮೋಟಾರು ಅಪಘಾತದಿಂದ ಅವರ ಕಾಲುಗಳ ಸ್ವಾಧೀನ ತಪ್ಪಿತು. ಆಕೆ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯವನ್ನು ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಆರಂಭವಾದ ಪುನರ್ವಸತಿ ಕೇಂದ್ರ ಅವರ ಶ್ರಮದ ಫಲ. ಅವರು ಮತ್ತೆ ನಡೆಯಲಿಲ್ಲ. ಅವರ ಕಥೆ ಮುಗಿಯಿತೆಂದು ಯಾರು ಹೇಳಬಲ್ಲರು?

ಸಂಶೋಧನೆಯೇನೋ ನಿಂತಿಲ್ಲ. ಪೆಟ್ಟಾದ ಜಾಗದ ಕೆಳಗಣ ಹುರಿಗೆ ವಿದ್ಯುತ್ತಿನ ಸಣ್ಣ ಮಿಡಿತಗಳನ್ನು ಕೊಟ್ಟು, ದೀರ್ಘ ಅಭ್ಯಾಸದಿಂದ ಕೆಲವರು ಹೆಜ್ಜೆಯಿಡುವಂತೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ 2018ರಲ್ಲಿ ಮಾಡಿ ತೋರಿಸಿದ್ದಾರೆ. ಇದು ಆಶೆಗೆ ಎಡೆಕೊಡುವ ಸುದ್ದಿ. ಆದರೆ ಆಶೆ ಇದ್ದಲ್ಲಿ ಅದನ್ನು ಮಾರುವವರೂ ಇರುತ್ತಾರೆ. ಕಾಂಡಕೋಶದ ಚುಚ್ಚುಮದ್ದಿನಿಂದ ಹುರಿಯನ್ನು ಬೆಳೆಸಿಕೊಡುತ್ತೇವೆಂದು ಹೇಳಿ ಹಣ ಕೀಳುವವರಿಗೆ ಹೊಲಮನೆ ಮಾರಿ ತೆರುವುದಕ್ಕೆ ಮುನ್ನ, ಒಂದು ವಿಷಯ ತಿಳಿದಿರಲಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತಸಂಬಂಧವಾದ ಕೆಲವು ರೋಗಗಳನ್ನು ಬಿಟ್ಟರೆ ಉಳಿದುವಕ್ಕೆ ಈ ಚಿಕಿತ್ಸೆಯನ್ನು ಅನುಮತಿ ಪಡೆದ ಪರೀಕ್ಷೆಯ ಹೊರಗೆ ಮಾಡುವುದನ್ನು ಒಪ್ಪುವುದಿಲ್ಲ.

ಇನ್ನು ನಮ್ಮ ನಿಮ್ಮ ಕೈಯಲ್ಲಿರುವುದು ಎರಡು. ಮರದಿಂದ ಬಿದ್ದವನನ್ನು ಕಂಡೊಡನೆ ರಟ್ಟೆ ಹಿಡಿದು ಎಬ್ಬಿಸಿ ಕೂರಿಸುವುದು, ತೋಳುಕಾಲು ಹಿಡಿದು ಮೂಟೆಯಂತೆ ಎತ್ತಿ ಆಟೋದಲ್ಲಿ ಮಡಿಚಿ ಒಯ್ಯುವುದು ಕರುಣೆಯಿಂದಲೇ ಮಾಡುವ ಕೆಲಸ. ಆದರೆ ಅರ್ಧ ಉಳಿದ ಹುರಿ ಪೂರ್ತಿ ಕಡಿಯುವುದಕ್ಕೆ ಅಷ್ಟೇ ಸಾಕು. ಬೇರೆ ಅಪಾಯವಿಲ್ಲದಿದ್ದರೆ ಅಲ್ಲಿಯೇ ಅಲುಗಿಸದೆ ಮಲಗಿಸಿ, ತಲೆ ಕುತ್ತಿಗೆಗಳನ್ನು ನೇರವಾಗಿ ಹಿಡಿದುಕೊಂಡು, 108ಕ್ಕೆ ಕರೆ ಕಳುಹಿಸಬೇಕು. ಸಾಗಿಸಲೇಬೇಕಾದರೆ ನಾಲ್ಕಾರು ಮಂದಿ ಒಟ್ಟಾಗಿ, ಮರದ ದಿಮ್ಮಿಯನ್ನು ಉರುಳಿಸುವಂತೆ ಒಮ್ಮೆಗೇ ಹೊರಳಿಸಿ, ಗಟ್ಟಿ ಹಲಗೆಯ ಮೇಲೆ ಮಲಗಿಸಿ ಒಯ್ಯಬೇಕು. ಎರಡನೆಯದು, ರೋಗಿ ಮನೆಗೆ ಬಂದ ಮೇಲಿನ ಮಾತು. ಅವನ ಮಗ್ಗುಲು ಬದಲಿಸುವುದಕ್ಕೆ ದುಡ್ಡು ಬೇಕಿಲ್ಲ, ಗಡಿಯಾರ ಬೇಕು; ಮತ್ತು ಆ ಭಾರವೆಲ್ಲ ಮನೆಯ ಒಬ್ಬ ಹೆಂಗಸಿನ ಮೇಲೆ ಬೀಳದಂತೆ ಸರದಿಯ ಮೇಲೆ ಏಳುವ ಮನಸ್ಸುಳ್ಳ ನಾಲ್ಕು ಮಂದಿ ಬೇಕು.