ಮನೆಯಲ್ಲೇ ಉಳಿದ ಮತ

"ಯಾರು ಗೆದ್ದರೂ ನಮ್ಮ ಪಾಡು ಇಷ್ಟೇ. ನಾನೊಬ್ಬಳು ಹೋಗದಿದ್ದರೆ ಏನು ಮುಳುಗಿ ಹೋಗುತ್ತದೆ?" ಮತದಾನದ ದಿನ ಈ ಮಾತು ಕೇಳಿ ಬರದ ಊರಿಲ್ಲ. ಅದನ್ನು ಸೋಮಾರಿತನವೆಂದು ತಳ್ಳಿ ಹಾಕುವುದು ಸುಲಭ. ಆದರೆ ಒಂದು ದೇಶದ ಬಹುಪಾಲು ಜನರು ಒಟ್ಟಿಗೇ ಹಾಗೆ ಅಂದುಕೊಂಡರೆ?

2024ರ ಅಕ್ಟೋಬರ್ 6ರಂದು ಉತ್ತರ ಆಫ್ರಿಕಾದ ಟುನೀಶಿಯಾದಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. ಮತ ಚಲಾಯಿಸಿದವರು ಶೇ. 28.8 ಮಂದಿ ಮಾತ್ರ. ನೂರು ಮತದಾರರಲ್ಲಿ ಎಪ್ಪತ್ತೊಂದು ಮಂದಿ ಮನೆಯಲ್ಲೇ ಉಳಿದರು.

ಈ ಜನರಿಗೆ ಮತದ ಬೆಲೆ ಗೊತ್ತಿರಲಿಲ್ಲವೇ? ಅವರಷ್ಟು ಬೆಲೆ ತೆತ್ತವರು ಕಡಿಮೆ. 2010ರ ಡಿಸೆಂಬರ್ 17ರಂದು ಸೀದಿ ಬೂಝೀದ್ ಪಟ್ಟಣದಲ್ಲಿ ಮುಹಮ್ಮದ್ ಬೂಅಝೀಝಿ ಎಂಬ ತಳ್ಳುಗಾಡಿ ವ್ಯಾಪಾರಿ, ಅಧಿಕಾರಿಗಳು ತನ್ನ ಸಾಮಾನು ಕಿತ್ತುಕೊಂಡ ಅವಮಾನ ತಾಳಲಾರದೆ ಮೈಗೆ ಬೆಂಕಿ ಹಚ್ಚಿಕೊಂಡ. ಆ ಕಿಚ್ಚು ಇಡೀ ದೇಶಕ್ಕೆ ಹಬ್ಬಿತು. ಎಷ್ಟೋ ತಾಯಂದಿರು ಮಕ್ಕಳನ್ನು ಕಳಕೊಂಡರು. 23 ವರ್ಷ ಆಳಿದ ಬಿನ್ ಅಲಿ 2011ರ ಜನವರಿ 14ರಂದು ದೇಶ ಬಿಟ್ಟು ಓಡಿದರು.

ಅದೇ ವರ್ಷ ಅಕ್ಟೋಬರಿನಲ್ಲಿ ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆದಾಗ ಜನರು ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಶಾಯಿ ಹಚ್ಚಿದ ಬೆರಳನ್ನು ಹೆಮ್ಮೆಯಿಂದ ಎತ್ತಿ ತೋರಿಸಿದರು. ಪಕ್ಷಗಳ ಪಟ್ಟಿಯಲ್ಲಿ ಒಬ್ಬ ಪುರುಷನ ನಂತರ ಒಬ್ಬ ಮಹಿಳೆಯ ಹೆಸರಿರಬೇಕೆಂದು ಆಗಿನ ಕಾನೂನು ಹೇಳಿತ್ತು.

ಹಾಗಾದರೆ ಆ ಸಾಲು ಕರಗಿದ್ದು ಹೇಗೆ? ಮೊದಲ ಕಾರಣ ಹೊಟ್ಟೆಯದು. ಸರಕಾರಗಳು ಒಂದರ ಹಿಂದೆ ಒಂದರಂತೆ ಬದಲಾದವು, ಯುವಕರಿಗೆ ಕೆಲಸ ಸಿಗಲಿಲ್ಲ. ಸಮುದ್ರ ದಾಟಿ ಇಟಲಿ ಸೇರಲು ದೋಣಿ ಹತ್ತಿದವರು ಅನೇಕರು. 2014ರ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ ಸುಮಾರು ಶೇ. 63 ಇದ್ದ ಮತದಾನ 2019ರಲ್ಲಿ ಶೇ. 49ಕ್ಕೆ ಇಳಿಯಿತು. ಅದೇ ವರ್ಷ, ಯಾವ ಪಕ್ಷಕ್ಕೂ ಸೇರದ ಕಾನೂನು ಉಪನ್ಯಾಸಕ ಕೈಸ್ ಸಈದ್ ಅವರನ್ನು ಜನರು ಭರವಸೆಯಿಂದ ಗೆಲ್ಲಿಸಿದರು. 2023ರಲ್ಲಿ ಅದೇ ಜನ ರೊಟ್ಟಿಗಾಗಿ ಬೇಕರಿಯ ಮುಂದೆ ಸಾಲು ನಿಂತಿದ್ದರು.

ಎರಡನೆಯ ಕಾರಣ ಆಯ್ಕೆಯೇ ಇಲ್ಲದಂತಾದದ್ದು. 2021ರ ಜುಲೈ 25ರಂದು ಸಈದ್ ಸಂಸತ್ತನ್ನು ಅಮಾನತಿನಲ್ಲಿಟ್ಟರು. ಮರುವರ್ಷ ಚುನಾವಣಾ ಆಯೋಗದ ಸದಸ್ಯರ ನೇಮಕವನ್ನೂ ತಮ್ಮ ಕೈಗೆ ತೆಗೆದುಕೊಂಡರು. 2024ರಲ್ಲಿ ಆಯೋಗ ಒಪ್ಪಿದ್ದು ಮೂವರನ್ನು ಮಾತ್ರ. ತಿರಸ್ಕೃತರಾದ ಇನ್ನೂ ಮೂವರನ್ನು ಸೇರಿಸಿಕೊಳ್ಳಬೇಕೆಂದು ಆಡಳಿತ ನ್ಯಾಯಾಲಯ ಆದೇಶಿಸಿದರೂ ಆಯೋಗ ಕಿವಿಗೊಡಲಿಲ್ಲ. ಬದಲಾಗಿ, ಮತದಾನಕ್ಕೆ ಕೆಲವೇ ದಿನಗಳಿರುವಾಗ ಆ ನ್ಯಾಯಾಲಯದ ಅಧಿಕಾರವನ್ನೇ ಸಂಸತ್ತು ಕಿತ್ತುಕೊಂಡಿತು. ವಿರೋಧ ಪಕ್ಷದ ನಾಯಕಿ ಅಬೀರ್ ಮೂಸಿ ಆಗಲೇ ಜೈಲಿನಲ್ಲಿದ್ದರು. ಕಣದಲ್ಲಿದ್ದ ಅಯಾಶಿ ಝಮ್ಮೆಲ್ ಅವರಿಗೆ ಸಹಿ ನಕಲಿ ಮಾಡಿದ ಆರೋಪದಲ್ಲಿ 12 ವರ್ಷ ಸೆರೆವಾಸ ವಿಧಿಸಲಾಯಿತು. ಹಲವು ಪಕ್ಷಗಳು ಬಹಿಷ್ಕಾರಕ್ಕೆ ಕರೆಕೊಟ್ಟವು. ಫಲಿತಾಂಶ ಮೊದಲೇ ಬರೆದಿಟ್ಟಂತಿರುವಾಗ ಸಾಲಿನಲ್ಲಿ ನಿಲ್ಲುವುದು ಯಾರಿಗಾಗಿ ಎಂದು ಜನ ಕೇಳಿದರೆ ತಪ್ಪೇನು?

ಆದರೆ ಪರಿಣಾಮವನ್ನೂ ನೋಡಬೇಕು. ಸಈದ್ ಶೇ. 90.7 ಮತಗಳಿಂದ ಮತ್ತೆ ಗೆದ್ದರು. ಮನೆಯಲ್ಲಿ ಕುಳಿತವರ ಸಿಟ್ಟು, ನೋವು, ನಿರಾಶೆಯನ್ನು ಎಣಿಸಲು ಫಲಿತಾಂಶದ ಪಟ್ಟಿಯಲ್ಲಿ ಜಾಗವಿಲ್ಲ. ಬಂದವರ ಲೆಕ್ಕವಷ್ಟೇ ಗೆಲುವಾಗುತ್ತದೆ.

ಹಾಗೆಂದು ಅವರ ಮೌನ ಪೂರ್ತಿ ವ್ಯರ್ಥವೂ ಅಲ್ಲ. 2009ರಲ್ಲಿ ಬಿನ್ ಅಲಿಗೂ ಶೇ. 89.6 ಮತ ಬಿದ್ದಿತ್ತು. ಮತದಾನವೂ ಶೇ. 89 ಆಗಿತ್ತೆಂದು ಅಂದಿನ ಸರಕಾರ ಹೇಳಿಕೊಂಡಿತ್ತು. ಎರಡು ವರ್ಷ ಕಳೆಯುವುದರೊಳಗೆ ಅವರ ಕುರ್ಚಿ ಉರುಳಿತು. ಈ ಬಾರಿ ಮತಗಟ್ಟೆಗಳು ಖಾಲಿಯಿದ್ದವು ಎಂಬುದನ್ನು ಅಧಿಕೃತ ಲೆಕ್ಕವೇ ಒಪ್ಪಿಕೊಂಡಿದೆ.

ಸಹೋದರಿಯರೇ, ಮತ ಹಾಕದವರನ್ನು ಜರೆಯುವ ಮೊದಲು ಅವರ ನಂಬಿಕೆಯನ್ನು ಕೊಂದವರು ಯಾರೆಂದು ಕೇಳಬೇಕು. ಜೊತೆಗೆ ನಮ್ಮನ್ನೂ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಮನೆಯಲ್ಲಿ ಉಳಿಯುವುದು ಬೇರೆ, ಬಾಗಿಲು ತೆರೆದಿರುವಾಗಲೇ ಬೇಸರದಿಂದ ಉಳಿಯುವುದು ಬೇರೆ. ನಮ್ಮದು ಯಾವುದು?